ಬೆಳಗಿನ ಐದೂವರೆಗೆ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡಬೇಕಾ? ವಿಜಯಪುರದ ಈ ಚಹಾದಂಗಡಿಗೆ ಬನ್ನಿ

ಈ ಅಂಗಡಿಗೆ ಬೋರ್ಡಿಲ್ಲ. ಗೋಳಗುಮ್ಮಟದ ಕಡೆಯಿಂದ ರೈಲ್ವೆ ಸ್ಟೇಷನ್‌ಗೆ ಹೋಗುವಾಗ ಒಂದು ಬೇವಿನ ಮರ, ಅದರ ಕೆಳಗೆ ನೀಲಿ ತಗಡಿನ ಶೆಡ್ಡು. ಹೊರಗೆ ಎರಡು ಬೆಂಚು, ಒಳಗೆ ಮೂರು ಟೇಬಲ್ಲು. ಎಲ್ಲರೂ ಕಾಕಾನ ಅಂಗಡಿ ಅಂತಾರೆ, ಅಷ್ಟೇ. ಚಹಾ, ಸೂಸಲಾ, ಉಪ್ಪಿಟ್ಟು, ಸಂಜೆ ಮಿರ್ಚಿ ಭಜಿ. ಇಂಥ ಅಂಗಡಿ ಊರಲ್ಲಿ ಇನ್ನೂರು ಇರಬಹುದು, ಇದರ ಬಗ್ಗೆ ಇಷ್ಟುದ್ದ ಯಾಕೆ ಬರೀತಿದ್ದೇನೆ ಅಂದರೆ, ಕಳೆದ ಎರಡು ಚಳಿಗಾಲ ನಾನು ಮತ್ತು ನಮ್ಮ ಕಾಲೇಜಿನ ಹುಡುಗರು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡಿದ್ದು ಇಲ್ಲೇ. ಆಟ ನೋಡೋದಕ್ಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಈ ಊರಲ್ಲಿ ಸಿಕ್ಕಿಲ್ಲ.

ನಾನು ಒಂದು ಡಿಗ್ರಿ ಕಾಲೇಜಿನ ಟೀಮಿಗೆ ಬೆಳಿಗ್ಗೆ ಹೊತ್ತು ಆಟ ಹೇಳಿಕೊಡುತ್ತೇನೆ. ಸಂಬಳದ ಕೆಲಸ ಅಲ್ಲ, ನಾನೇ ಅಲ್ಲಿ ಓದಿದವನು, ಅದೇ ಸಿಮೆಂಟ್ ಕೋರ್ಟಿನಲ್ಲಿ ಮೊಣಕಾಲು ಕೆತ್ತಿಸಿಕೊಂಡವನು. ಹುಡುಗರು ಒಂಬತ್ತು ಜನ. ಕೋರ್ಟು ಅಂಗಡಿಯಿಂದ ಹತ್ತು ನಿಮಿಷದ ನಡಿಗೆ.

ಮೊದಲು ಟೈಮಿನ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯ ನಿಂತಿರೋದು ಅದರ ಮೇಲೆ. ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಅಲ್ಲಿ ಮಂಗಳವಾರ ಸಂಜೆ 7ಕ್ಕೆ ಆಟ ಶುರುವಾದರೆ ಇಲ್ಲಿ ಬುಧವಾರ ಬೆಳಿಗ್ಗೆ 5.30. ಕಾಕಾ ಒಲೆ ಹಚ್ಚೋದು 5ಕ್ಕೆ. ಮೊದಲ ಪಾತೇಲಿ ಚಹಾ ಇಳಿಯೋದಕ್ಕೂ ಅಲ್ಲಿ ಜಂಪ್ ಬಾಲ್ ಹಾಕೋದಕ್ಕೂ ಸರಿ ಹೋಗುತ್ತದೆ. ಮೊದಲ ಅರ್ಧ ನೋಡಿ ಮುಗಿಸಿದರೆ ಆರೂಕಾಲು. ನಾವು ಕೋರ್ಟಿಗೆ ಹೋಗಬೇಕಾದ ಟೈಮೂ ಅದೇ, ಬೆಳಕು ಬರೋ ಹೊತ್ತಿಗೆ ಸರಿಯಾಗುತ್ತದೆ. ಎರಡನೇ ಅರ್ಧವನ್ನ ಹುಡುಗರು ರಾತ್ರಿ ಹಾಸ್ಟೆಲ್ಲಿನಲ್ಲಿ ನೋಡಿಕೊಳ್ಳುತ್ತಾರೆ. ಅಲ್ಲಿಯವರೆಗೆ ಸ್ಕೋರ್ ಹೇಳಬಾರದು ಅಂತ ನಮ್ಮಲ್ಲಿ ನಿಯಮ ಇದೆ, ಕಾಕಾ ಕೂಡ ಅದನ್ನ ಪಾಲಿಸುತ್ತಾರೆ.

ಈಗ ಚಹಾ. ಕಾಕಾ ಶುಂಠಿಯನ್ನ ಮೊದಲೇ ಜಜ್ಜಿ ಇಟ್ಟುಕೊಳ್ಳೋದಿಲ್ಲ. ಪ್ರತಿ ಪಾತೇಲಿಗೆ ಹೊಸದಾಗಿ, ಉರುಟು ಕಲ್ಲಿನಿಂದ ಎರಡೇ ಏಟು, ಸಿಪ್ಪೆ ಸಮೇತ ಹಾಕಿಬಿಡುತ್ತಾರೆ. ಹಾಲು ಬಿದ್ದ ಮೇಲೆ ಮೂರು ಸಲ ಉಕ್ಕಬೇಕು, ಮೂರು ಸಲವೂ ಅವರು ಪಾತೇಲಿಯನ್ನ ಒಲೆಯಿಂದ ಎತ್ತಿ ತಿರುಗಿಸಿ ಮತ್ತೆ ಇಡುತ್ತಾರೆ. ಜನವರಿ ಚಳಿಯಲ್ಲಿ ಆ ಗಾಜಿನ ಲೋಟವನ್ನ ಎರಡು ಕೈಯಲ್ಲಿ ಹಿಡಿದುಕೊಂಡರೆ ಬೆರಳಿಗೆ ಜೀವ ಬರುತ್ತದೆ. ಸಕ್ಕರೆ ಸ್ವಲ್ಪ ಜಾಸ್ತಿ, ಕಡಿಮೆ ಬೇಕು ಅಂದರೆ ಮೊದಲೇ ಹೇಳಿ. ಖಾರಿ ಬಿಸ್ಕತ್ತು ಅದ್ದಿ ತಿಂದರೆ ಇನ್ನೂ ಚೆನ್ನ.

ಸೂಸಲಾ ಏಳರ ಹೊತ್ತಿಗೆ ತಯಾರು. ನೆನೆಸಿ ಹಿಂಡಿದ ಚುರುಮುರಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೆ ಪುಠಾಣಿ ಹಿಟ್ಟು ಧಾರಾಳ. ಕೆಲವರ ಕೈಯಲ್ಲಿ ಇದು ಹಿಟ್ಟಿನ ಮುದ್ದೆ ಥರ ಆಗಿಬಿಡುತ್ತದೆ, ಇಲ್ಲಿ ಆಗಲ್ಲ, ಕಾಳು ಕಾಳಾಗಿ ಉದುರುತ್ತದೆ, ಶೇಂಗಾ ಕೂಡ ಸರಿಯಾಗಿ ಹುರಿದಿರುತ್ತಾರೆ. ಪ್ರಾಕ್ಟೀಸ್ ಮುಗಿಸಿ ವಾಪಸ್ ಬಂದು ಎರಡೆರಡು ಪ್ಲೇಟು ತಿನ್ನುವ ಹುಡುಗರು ನಮ್ಮಲ್ಲಿದ್ದಾರೆ. ಉಪ್ಪಿಟ್ಟು ಸಾಧಾರಣ. ತಿಂದರೆ ಸೂಸಲಾನೇ ತಿನ್ನಿ.

ಇನ್ನು ಆಟ. ನಮ್ಮಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂದರೆ ಮಾರ್ಚ್ ತಿಂಗಳು ಮಾತ್ರ ಗೊತ್ತಿರೋರು ಜಾಸ್ತಿ. 68 ಟೀಮು, ಸೋತರೆ ಮನೆಗೆ, ಕೊನೆಗೆ ಒಬ್ಬರು ಚಾಂಪಿಯನ್. ಅದು ದೊಡ್ಡ ಹಬ್ಬ ನಿಜ. ಆದರೆ ಆಟ ಕಲಿಯೋರಿಗೆ, ಕಲಿಸೋರಿಗೆ ನಿಜವಾದ ಪಾಠ ಇರೋದು ಅದಕ್ಕೂ ಮುಂಚೆ, ಜನವರಿ ಫೆಬ್ರವರಿಯ ಕಾನ್ಫರೆನ್ಸ್ ಸೀಸನ್‌ನಲ್ಲಿ. ಕಾನ್ಫರೆನ್ಸ್ ಅಂದರೆ ಒಂದಷ್ಟು ಕಾಲೇಜುಗಳ ಕೂಟ. ಆ ಕೂಟದವರು ಎರಡು ತಿಂಗಳು ತಮ್ಮ ತಮ್ಮಲ್ಲೇ ಆಡುತ್ತಾರೆ. ಇವರ ಅಂಗಳದಲ್ಲಿ ಒಮ್ಮೆ, ಅವರ ಅಂಗಳದಲ್ಲಿ ಒಮ್ಮೆ. ಈಗ ಕೂಟಗಳು ತುಂಬಾ ದೊಡ್ಡದಾಗಿರೋದರಿಂದ ಎಲ್ಲರ ಜೊತೆ ಎರಡು ಸಲ ಆಡೋದಕ್ಕೆ ಆಗಲ್ಲ. 2024ರಲ್ಲಿ ಬಿಗ್ ಟೆನ್ ಕೂಟಕ್ಕೆ ಪಶ್ಚಿಮ ಕರಾವಳಿಯ ಯುಸಿಎಲ್‌ಎ, ಯುಎಸ್‌ಸಿ, ಓರೆಗನ್, ವಾಷಿಂಗ್ಟನ್ ಸೇರಿ 18 ಟೀಮು ಆಯಿತು. ಲಾಸ್ ಏಂಜಲೀಸ್ ಹುಡುಗರು ಒಂದು ವಾರದ ನಡುವೆ ನ್ಯೂಜೆರ್ಸಿವರೆಗೆ ಹಾರಿ ಆಡಿ ಬರಬೇಕು, ಮೂರು ಗಂಟೆ ಗಡಿಯಾರ ಬದಲಾಗುತ್ತದೆ. ನಮ್ಮ ಹುಡುಗರು ಬೆಳಗಾವಿಗೆ ಟೆಂಪೋದಲ್ಲಿ ಹೋಗಿ ಇಳಿದಾಗ ಕಾಲು ಹೇಗೆ ಹಿಡಿದಿರುತ್ತವೆ ಅಂತ ನೋಡಿದವನು ನಾನು, ಹಾಗಾಗಿ ಆ ಹುಡುಗರ ಬಗ್ಗೆ ನನಗೆ ಮರುಕ ಬರುತ್ತದೆ.

ಆದರೂ ಪ್ರತಿ ಕೂಟದಲ್ಲೂ ಎರಡು ಸಲ ಎದುರಾಗೋ ಜೋಡಿಗಳು ಇದ್ದೇ ಇವೆ. ಡ್ಯೂಕ್ ಮತ್ತು ನಾರ್ತ್ ಕ್ಯಾರೊಲೈನಾ ತೆಗೆದುಕೊಳ್ಳಿ. ಎರಡು ಕಾಲೇಜಿನ ನಡುವೆ ಸುಮಾರು 16 ಕಿಲೋಮೀಟರ್, ಅಷ್ಟೇ. 2025ರ ಫೆಬ್ರವರಿ 2, ಭಾನುವಾರ, ನಮಗೆ ಬೆಳಗಿನ 5ಕ್ಕೆ ಶುರು. ಡ್ಯೂಕ್ ಅವರ ಕ್ಯಾಮರೂನ್ ಅಂಗಳ, 9,314 ಜನ ಹಿಡಿಯುವ ಹಳೇ ಕಟ್ಟಡ, ಹುಡುಗರು ಕೋರ್ಟಿನ ಗೆರೆಗೇ ಮೈ ತಾಗಿಸಿ ನಿಂತು ಕೂಗುತ್ತಾರೆ. ಕಾಕಾ ಒಲೆಗೆ ಪಂಪು ಹೊಡೀತಿದ್ದರು. ನಾವು ಬಿಸ್ಕತ್ತಿನ ಡಬ್ಬಿಗೆ ಫೋನ್ ಒರಗಿಸಿ ಏಳು ಜನ ಒಂದೇ ಬೆಂಚಿನ ಮೇಲೆ ಅಂಟಿಕೊಂಡು ಕೂತಿದ್ದೆವು. ಡ್ಯೂಕ್ 87–70ರಲ್ಲಿ ಗೆದ್ದಿತು. ಮುಂದೆ ಮಾರ್ಚ್‌ನಲ್ಲಿ ನಾರ್ತ್ ಕ್ಯಾರೊಲೈನಾ ಅಂಗಳದಲ್ಲಿ 82–69, ಅಲ್ಲೂ ಡ್ಯೂಕ್ ಗೆಲುವು. ಅದಾಗಿ ಒಂದು ವಾರದೊಳಗೆ ಕಾನ್ಫರೆನ್ಸ್ ಟೂರ್ನಿಯಲ್ಲಿ, ಅಂದರೆ ಕೂಟದವರೇ ಕೊನೆಗೆ ಆಡೋ ನಾಕೌಟ್‌ನಲ್ಲಿ, ಮೂರನೇ ಭೇಟಿ, 74–71. ನಾರ್ತ್ ಕ್ಯಾರೊಲೈನಾದವರು ಮೂರೂ ಸೋತರು, ಆದರೆ 17 ಇದ್ದ ಅಂತರ 13ಕ್ಕೆ, ಆಮೇಲೆ 3ಕ್ಕೆ ಇಳಿದದ್ದು ನೋಡಿ. ಮೂರನೇದರಲ್ಲಿ ಡ್ಯೂಕ್‌ನ ಮುಖ್ಯ ಆಟಗಾರ ಕೂಪರ್ ಫ್ಲ್ಯಾಗ್ ಗಾಯವಾಗಿ ಆಡಲಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನಗೆ ಇದಕ್ಕಿಂತ ಹಿಡಿಸಿದ್ದು ಅದೇ ವರ್ಷದ ಆಬರ್ನ್ ಮತ್ತು ಅಲಬಾಮಾ. ದೇಶಕ್ಕೇ ಒಂದು, ಎರಡನೇ ಸ್ಥಾನದಲ್ಲಿದ್ದ ಟೀಮುಗಳು, ಒಂದೇ ರಾಜ್ಯದವರು, ಒಂದೇ ಕೂಟದವರು. ಫೆಬ್ರವರಿ 15ರಂದು ಆಬರ್ನ್ ಹುಡುಗರು ಅಲಬಾಮಾ ಅಂಗಳಕ್ಕೇ ಹೋಗಿ 94–85ರಲ್ಲಿ ಗೆದ್ದು ಬಂದರು. ಮೂರು ವಾರ ಕಳೆದು ಮಾರ್ಚ್ 8ಕ್ಕೆ ಅಲಬಾಮಾದವರು ಆಬರ್ನ್‌ಗೆ ಹೋದರು. ಆಟ ಓವರ್‌ಟೈಮಿಗೆ ಹೋಯಿತು, ಕೊನೇ ಗಳಿಗೆಯಲ್ಲಿ ಅಲಬಾಮಾದ ಮಾರ್ಕ್ ಸಿಯರ್ಸ್ ಎತ್ತಿ ಹಾಕಿದ ಬಾಲು ಒಳಗೆ ಬಿತ್ತು, 93–91. ಶನಿವಾರ ಮಧ್ಯಾಹ್ನದ ಆಟಗಳು ನಮಗೆ ನಡುರಾತ್ರಿ ಬರುತ್ತವೆ, ಹಾಗಾಗಿ ಇವೆರಡನ್ನೂ ಸೋಮವಾರ ಬೆಳಿಗ್ಗೆ ರೆಕಾರ್ಡಿಂಗ್ ನೋಡಿದೆವು. ಕಾಕಾ ಕೆಟಲಿ ಕೈಯಲ್ಲಿ ಹಿಡಿದುಕೊಂಡೇ ನಿಂತು ಕೇಳಿದರು, "ಅಲ್ಲೋ ತಮ್ಮಾ, ಅವತ್ತು ತಮ್ಮ ಮನ್ಯಾಗ ಸೋತವ್ರು ಇವತ್ತು ಇವರ ಮನ್ಯಾಗ ಬಂದು ಹ್ಯಾಂಗ ಗೆದ್ರು?"

ಈ ಪ್ರಶ್ನೆಗೆ ಉತ್ತರ ಹುಡುಕೋದೇ ಕಾನ್ಫರೆನ್ಸ್ ಸೀಸನ್. ಮೊದಲ ಸಲ ಎದುರಾಳಿಯ ಬಗ್ಗೆ ಕೇಳಿರುತ್ತೀರಿ, ವಿಡಿಯೋ ನೋಡಿರುತ್ತೀರಿ. ಎರಡನೇ ಸಲ ಅವನ ಭುಜ ನಿಮ್ಮ ಭುಜಕ್ಕೆ ತಾಗಿರುತ್ತದೆ. ಎಡಗೈಯಲ್ಲಿ ಡ್ರಿಬಲ್ ಮಾಡೋದಕ್ಕೆ ಅವನಿಗೆ ಬರಲ್ಲ ಅಂತ ನಿಮಗೆ ಗೊತ್ತು, ಅದು ನಿಮಗೆ ಗೊತ್ತು ಅಂತ ಅವನಿಗೂ ಗೊತ್ತು. ಕೋಚ್ ಅನ್ನೋನ ಕೆಲಸ ಆ ಮೂರು ವಾರದಲ್ಲಿದೆ. ಅದೇ ಸೀಸನ್‌ನಲ್ಲಿ ಫ್ಲೋರಿಡಾ ಟೀಮು ಫೆಬ್ರವರಿಯಲ್ಲಿ ಆಬರ್ನ್ ಅಂಗಳದಲ್ಲಿ 90–81ರಲ್ಲಿ ಗೆದ್ದಿತ್ತು. ಏಪ್ರಿಲ್‌ನಲ್ಲಿ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಇಬ್ಬರೂ ಮತ್ತೆ ಎದುರಾದರು, ಫ್ಲೋರಿಡಾ 79–73, ವಾಲ್ಟರ್ ಕ್ಲೇಟನ್ ಒಬ್ಬನೇ 34 ಅಂಕ. ಆಮೇಲೆ ಫೈನಲ್‌ನಲ್ಲಿ ಹ್ಯೂಸ್ಟನ್ ಮೇಲೆ 65–63. ಆಬರ್ನ್, ಅಲಬಾಮಾ, ಫ್ಲೋರಿಡಾ ಮೂರೂ ಇರೋ ಆ ಒಂದು ಕೂಟದಿಂದಲೇ, ಅಂದರೆ ಎಸ್‌ಇಸಿಯ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) 16 ಟೀಮಿನಲ್ಲಿ 14 ಟೀಮು ಆ ವರ್ಷದ 68ರೊಳಗೆ ಬಂದವು, ಅದು ದಾಖಲೆ. ಎರಡು ತಿಂಗಳು ಅಂಥವರ ಜೊತೆ ದಿನಾ ಗುದ್ದಾಡಿದವರು ಮಾರ್ಚ್‌ಗೆ ಹೆದರುತ್ತಾರಾ?

ಕೋಚ್‌ಗಳ ಬಗ್ಗೆ ಕಾಕಾಗೆ ವಿಪರೀತ ಕುತೂಹಲ. ಆಟಗಾರರ ಹೆಸರು ಅವರಿಗೆ ನೆನಪಿರಲ್ಲ, ಸೂಟು ಹಾಕಿಕೊಂಡು ಗೆರೆ ಪಕ್ಕ ಕೂಗಾಡೋ ಮನುಷ್ಯನ ಹೆಸರು ನೆನಪಿರುತ್ತದೆ. ಸಿರಾಕ್ಯೂಸ್‌ನ ಜಿಮ್ ಬೋಹೈಮ್ ಒಂದೇ ಕಾಲೇಜಿನಲ್ಲಿ 47 ಸೀಸನ್ ಕಲಿಸಿದರು, ಡ್ಯೂಕ್‌ನಲ್ಲಿ ಮೈಕ್ ಶಶೆವ್‌ಸ್ಕಿ 42 ಸೀಸನ್ ಇದ್ದು 2022ರಲ್ಲಿ ನಿವೃತ್ತರಾದರು ಅಂತ ಹೇಳಿದಾಗ "ಅಷ್ಟ್ ವರ್ಷ ಒಂದ ಒಲಿ ಮುಂದ ನಿಂತಂಗ ಆತಲ್ರಿ ಸರ್ರ" ಅಂದರು. ಈಗ ಅಲ್ಲಿ ಹುಡುಗರು ಪ್ರತಿ ವರ್ಷ ಕಾಲೇಜು ಬದಲಿಸಬಹುದು, 2024ರಿಂದ ಅದಕ್ಕೆ ಮಿತಿಯೂ ಇಲ್ಲ. ಹಾಗಾಗಿ ಎಷ್ಟೋ ಕೋಚ್‌ಗಳಿಗೆ ನವೆಂಬರ್‌ನಲ್ಲಿ ತಮ್ಮ ಟೀಮಿನ ಅರ್ಧ ಜನ ಹೊಸಬರೇ. ಜನವರಿಯಲ್ಲಿ ಅವರು ಒಬ್ಬರಿಗೊಬ್ಬರು ಪಾಸ್ ಕೊಡೋದು ಕಲಿಯುತ್ತಾರೆ, ಫೆಬ್ರವರಿಯಲ್ಲಿ ಟೀಮು ಆಗುತ್ತಾರೆ. ಅದನ್ನ ವಾರ ವಾರ ಕಣ್ಣೆದುರು ನೋಡೋದು ತುಂಬಾ ಖುಷಿ.

ಕಾಕಾನ ಮಗಳು ಡಿಗ್ರಿ ಎರಡನೇ ವರ್ಷ, ಶುಕ್ರವಾರ ಬೆಳಿಗ್ಗೆ ಅವಳದೇ ಫೋನು. ಡಾನ್ ಸ್ಟೇಲಿ ಕೋಚ್ ಆಗಿರೋ ಸೌತ್ ಕ್ಯಾರೊಲೈನಾ ಹೆಣ್ಣುಮಕ್ಕಳ ಟೀಮು ಅವಳಿಗೆ ಪ್ರಾಣ. ಆ ಟೀಮು 2023–24ರಲ್ಲಿ ಆಡಿದ 38ಕ್ಕೆ 38 ಗೆದ್ದು ಚಾಂಪಿಯನ್ ಆಗಿತ್ತು. ಒಂದು ವಿಷಯ ನಮಗೆ ತೋರಿಸಿದವಳು ಅವಳೇ. ಅಲ್ಲಿ ಹುಡುಗರ ಆಟ 20 ನಿಮಿಷದ ಎರಡು ಅರ್ಧ, ಹೆಣ್ಣುಮಕ್ಕಳದು ನಮ್ಮ ಥರಾನೇ 10 ನಿಮಿಷದ ನಾಲ್ಕು ಕ್ವಾರ್ಟರ್. "ಸರ್, ನಮಗ ಟೈಮ್‌ಔಟ್ ಯಾವಾಗ ತಗೋಬೇಕು ಅನ್ನೋದನ್ನ ಇವರನ್ನ ನೋಡಿ ಕಲೀಬೇಕ್ರಿ" ಅಂದಳು. ಸರಿಯಾದ ಮಾತು. ಆ ವಾರದಿಂದ ನಮ್ಮ ಹುಡುಗರೂ ಶುಕ್ರವಾರ ತಪ್ಪಿಸಲ್ಲ.

ಈ ಅಂಗಡಿಯಲ್ಲಿ ಮರೆಯೋಕಾಗದ ಬೆಳಿಗ್ಗೆ ಒಂದಿದೆ. ನಮ್ಮ ಟೀಮಿನಲ್ಲಿ ಆರಡಿ ದಾಟಿದವನು ಒಬ್ಬನೇ. ಎದುರಾಳಿಗಳು ಮೈಮೇಲೆ ಬಿದ್ದು ಪಾಸ್ ತಡೆದರೆ ನಮ್ಮ ಆಟವೇ ನಿಂತುಹೋಗುತ್ತಿತ್ತು. ನಾನು ಹುಡುಗರಿಗೆ ಪ್ರಿನ್ಸ್‌ಟನ್ ಕಥೆ ಹೇಳಿದೆ. 1996ರಲ್ಲಿ ಕೋಚ್ ಪೀಟ್ ಕ್ಯಾರಿಲ್ ಅವರ ಪ್ರಿನ್ಸ್‌ಟನ್ ಕಾಲೇಜು ಟೀಮು, ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎಯನ್ನ 43–41ರಲ್ಲಿ ಸೋಲಿಸಿತು. ಗೆಲುವಿನ ಬುಟ್ಟಿ ಬಂದಿದ್ದು ಬ್ಯಾಕ್‌ಡೋರ್ ಕಟ್‌ನಿಂದ. ಕಾಯೋನು ಪಾಸ್ ಕಸಿಯೋದಕ್ಕೆ ಮುಂದೆ ಬಂದನಾ, ಅವನ ಬೆನ್ನ ಹಿಂದಿನಿಂದ ರಿಂಗಿನ ಕಡೆ ಓಡು, ಬಾಲು ನೆಲಕ್ಕೆ ಬಡಿದು ನಿನ್ನ ಕೈಗೆ ಬರುತ್ತದೆ. ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತಲಿಲ್ಲ. ನಮ್ಮ ಗಾರ್ಡ್ ಹುಡುಗ, ಅಂದರೆ ಬಾಲು ಮುಂದೆ ತಂದು ಆಟ ನಡೆಸೋನು, ಟೇಬಲ್ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬೆರಳು ಅದ್ದಿ ಗೆರೆ ಎಳೆದ. ಸಕ್ಕರೆ ಡಬ್ಬಿ ರಿಂಗು. ನಾಲ್ಕು ಲೋಟ ಆಟಗಾರರು, ಬಸಿಗಳು ಕಾಯೋರು. ಒಂದು ಬಸಿಯನ್ನ ಮುಂದೆ ಸರಿಸಿದ, ಲೋಟವನ್ನ ಅದರ ಹಿಂದಿನಿಂದ ಡಬ್ಬಿಗೆ ತಂದು ತಾಗಿಸಿದ. "ಹಿಂಗೇನ್ರಿ ಸರ್?" ಕಾಕಾ ಟೇಬಲ್ ಒರೆಸೋಕೆ ಬಟ್ಟೆ ಹಿಡಿದು ಬಂದವರು ಹಾಗೇ ನಿಂತರು, ಒರೆಸಲಿಲ್ಲ. ಅವತ್ತು ಕೋರ್ಟಿನಲ್ಲಿ ಅದೊಂದನ್ನೇ ಒಂದು ಗಂಟೆ ಮಾಡಿದೆವು.

ಇಲ್ಲಿ ಒಂದು ನೋವನ್ನೂ ಹೇಳಲೇಬೇಕು. ಅದರ ಹಿಂದಿನ ವರ್ಷ ಅಂತರ ಕಾಲೇಜು ಪಂದ್ಯಕ್ಕೆ ನಾವು ಮೂರು ತಿಂಗಳು ತಯಾರಿ ಮಾಡಿ ಹೋಗಿದ್ದೆವು. ನಾಕೌಟ್ ಆಟ. ಬೆಳಿಗ್ಗೆ ಹತ್ತಕ್ಕೆ ಆಡಿದೆವು, ಹನ್ನೊಂದೂವರೆಗೆ ಸೋತೆವು, ಮಧ್ಯಾಹ್ನ ಊಟ ಮಾಡಿ ಟೆಂಪೋ ಹತ್ತಿದೆವು. ಇಡೀ ವರ್ಷದ ಸೀಸನ್ ಅಷ್ಟೇ. ಎಲ್ಲಿ ತಪ್ಪಿದೆವು ಅಂತ ಗೊತ್ತಾಗಿತ್ತು, ಆದರೆ ತಿದ್ದಿಕೊಂಡು ತೋರಿಸೋದಕ್ಕೆ ಎರಡನೇ ಆಟವೇ ಇಲ್ಲ. ಕೊನೇ ವರ್ಷದ ಇಬ್ಬರು ಹುಡುಗರು ಅಲ್ಲಿಗೇ ಆಟ ಬಿಟ್ಟರು. ದಾರಿಯುದ್ದಕ್ಕೂ ಒಬ್ಬರೂ ಮಾತಾಡಲಿಲ್ಲ.

ಅದಕ್ಕೇ ಈ ಅಂಗಡಿಯ ಹೊರಗಿನ ಬೆಂಚಿನ ಮೇಲೆ, ಇನ್ನೊಂದು ಕಾಲೇಜಿನ ಕೋಚ್ ಜೊತೆ ಕೂತು ಒಂದು ತೀರ್ಮಾನ ಮಾಡಿದೆವು. ನಾಲ್ಕು ಕಾಲೇಜು ಸೇರಿಸೋದು. ಪ್ರತಿಯೊಬ್ಬರ ಜೊತೆ ಎರಡು ಸಲ, ನಮ್ಮ ಅಂಗಳದಲ್ಲಿ ಒಂದು, ಅವರಲ್ಲಿ ಒಂದು. ಒಟ್ಟು 12 ಆಟ, ಭಾನುವಾರಕ್ಕೆ ಎರಡರಂತೆ ಆರು ಭಾನುವಾರ. ಕಪ್ಪು ಇಲ್ಲ, ಸರ್ಟಿಫಿಕೇಟ್ ಇಲ್ಲ, ಬಂದ ಟೀಮಿಗೆ ಆತಿಥೇಯರು ಚಹಾ ಸೂಸಲಾ ಕೊಡಬೇಕು, ಅಷ್ಟೇ. ಕಾಕಾ ಖಾತೆ ಪುಸ್ತಕದ ಹಿಂದಿನ ಹಾಳೆ ಹರಿದು ಕೊಟ್ಟರು, ಅದರ ಮೇಲೇ ವೇಳಾಪಟ್ಟಿ ಬರೆದೆವು. ಮೊದಲ ಭಾನುವಾರ ಊರಿನ ಅತ್ಯುತ್ತಮ ಟೀಮಿನ ಎದುರು 17 ಅಂಕದಿಂದ ಸೋತೆವು. ಐದು ವಾರ ಬಿಟ್ಟು ಅವರ ಅಂಗಳಕ್ಕೆ ಹೋದಾಗ ಬ್ಯಾಕ್‌ಡೋರ್ ನಾಲ್ಕು ಸಲ ಬಿತ್ತು. ಸೋತಿದ್ದು ಮೂರೇ ಅಂಕದಿಂದ. ಆಟ ಮುಗಿದ ತಕ್ಷಣ ಗಾರ್ಡ್ ಹುಡುಗ ಬಂದು ಕೇಳಿದ್ದು ಒಂದೇ, "ಸರ್, ಮತ್ತ ಇವರ ಜೋಡಿ ಯಾವಾಗ್ರಿ?" ಹಿಂದಿನ ವರ್ಷದ ಆ ಟೆಂಪೋ ನೆನಪಾಗಿ ನನಗೆ ಕಣ್ಣು ತುಂಬಿತು.

ಅಂಗಡಿಯ ಕೊರತೆಗಳನ್ನೂ ಹೇಳುತ್ತೇನೆ. ಪ್ಲಗ್ ಪಾಯಿಂಟ್ ಒಂದೇ, ಅದೂ ಒಳಗಿನ ಮೂಲೆಯಲ್ಲಿ, ಪವರ್‌ಬ್ಯಾಂಕ್ ತನ್ನಿ. ತಗಡಿನ ಕೆಳಗೆ ಹೊಗೆ ನಿಲ್ಲುತ್ತದೆ, ಕಣ್ಣು ಉರಿಯುತ್ತದೆ. ಏಳರ ನಂತರ ಹಮಾಲರು, ಆಟೋದವರು, ಸ್ಟೇಷನ್‌ಗೆ ಹೋಗೋರು ಎಲ್ಲ ಬರುತ್ತಾರೆ, ಆಗ ಟೇಬಲ್ ಹಿಡಿದುಕೊಂಡು ಕೂರೋದು ಸರಿಯಲ್ಲ, ಎದ್ದು ಜಾಗ ಕೊಡಿ. ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಇಲ್ಲ, ಇದು ನಿಜವಾಗಿ ದೊಡ್ಡ ಕೊರತೆ, ಕಾಕಾಗೂ ಹೇಳಿದ್ದೇನೆ. ನಾವು ಆಟ ನೋಡೋ ಆಪ್ ಆಗಾಗ ಗಿರಗಿರ ತಿರುಗುತ್ತ ನಿಂತುಬಿಡುತ್ತದೆ, ಅದು ಅಂಗಡಿಯ ತಪ್ಪಲ್ಲ, ಹೊರಗಿನ ಬೆಂಚಿಗೆ ಬಂದರೆ ನೆಟ್‌ವರ್ಕ್ ಸ್ವಲ್ಪ ಪರವಾಗಿಲ್ಲ. ಚಹಾ 10 ರೂಪಾಯಿ, ಸೂಸಲಾ 30. ಫೋನಿನಲ್ಲಿ ದುಡ್ಡು ಹಾಕಬಹುದು, ಆದರೆ ಬೆಳಿಗ್ಗೆ ಐದಕ್ಕೆ ಚಿಲ್ಲರೆ ಕೊಟ್ಟರೆ ಕಾಕಾಗೆ ಅನುಕೂಲ.

ಇನ್ನೊಂದು ಮುಖ್ಯ ವಿಷಯ. ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಅವತ್ತಿನಿಂದ ಅವರ ಸಂಜೆ 7 ನಮಗೆ 4.30. ಕಾನ್ಫರೆನ್ಸ್ ಟೂರ್ನಿ, ಆಮೇಲಿನ 68 ಟೀಮಿನ ಆಟ ಎಲ್ಲ ಆ ಹೊತ್ತಿಗೇ, ಅಂಗಡಿ ತೆಗೆದಿರಲ್ಲ. ನಾವು ಆ ದಿನಗಳಲ್ಲಿ ಹಾಸ್ಟೆಲ್ಲಿನಲ್ಲೇ ನೋಡುತ್ತೇವೆ. ಹಾಗಾಗಿ ಬರೋದಿದ್ದರೆ ಜನವರಿ, ಫೆಬ್ರವರಿಯಲ್ಲಿ ಬನ್ನಿ. ಬುಧವಾರ, ಗುರುವಾರ ಬೆಳಿಗ್ಗೆ ಒಳ್ಳೆಯ ಆಟಗಳಿರುತ್ತವೆ, ಶುಕ್ರವಾರ ಹೆಣ್ಣುಮಕ್ಕಳದು. ಐದೂಕಾಲಿಗೇ ಬಂದು ಗೋಡೆ ಕಡೆಯ ಬೆಂಚು ಹಿಡಿಯಿರಿ, ಶಾಲು ತನ್ನಿ, ಸ್ಕೋರ್ ಮೊದಲೇ ನೋಡಿಕೊಂಡು ಬಂದಿದ್ದರೆ ಬಾಯಿ ಬಿಡಬೇಡಿ. ಈ ಸಲದ ಭಾನುವಾರದ ವೇಳಾಪಟ್ಟಿ ಚಹಾಪುಡಿ ಡಬ್ಬಿಯ ಪಕ್ಕ ಗೋಡೆಗೆ ಅಂಟಿಸಿದೆ, ಐದನೇ ಕಾಲೇಜಿಗೆ ಇನ್ನೂ ಜಾಗ ಇದೆ.